ಕೊಯ್ಲಿನ ಕಾಲ, ಉಣುಗಿನ ಕಾಲ

ಕಾಫಿ ಕೊಯ್ಲಿಗೂ ಮಂಗನ ಕಾಯಿಲೆಗೂ ಕಾಲ ಒಂದೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಂಚಿನಲ್ಲಿ ಮರಿ ಉಣುಗುಗಳ ಕಾಟ ಹೆಚ್ಚು. ಅದೇ ದಿನಗಳಲ್ಲಿ ನಮ್ಮ ಆಳುಗಳು ಹಣ್ಣು ಕೊಯ್ಯುತ್ತಾರೆ, ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸುತ್ತಾರೆ, ಸೌದೆ ಹೊರುತ್ತಾರೆ. ಸದಸ್ಯ ಬಾಂಧವರು ಕೊಯ್ಲಿನ ಲೆಕ್ಕಕ್ಕೆ ಕೂರುವಾಗ ಈ ವಿಷಯವನ್ನೂ ಆಲೋಚಿಸಬೇಕೆಂದು ನಮ್ಮ ವಿನಂತಿ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಗೆ ಬಂದ ಈ ರೋಗ 1980ರ ದಶಕದಲ್ಲಿ ಬೆಳ್ತಂಗಡಿ ಕಡೆಗೂ ಹಬ್ಬಿತು. 2019ರಲ್ಲಿ ಸಾಗರದ ಅರಳಗೋಡು ಭಾಗ ಪಟ್ಟ ಪಾಡನ್ನು ನಾವೆಲ್ಲ ಬಲ್ಲೆವು. 2024ರಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮತ್ತೆ ಜೀವಹಾನಿಯಾಯಿತು. ಈ ರೋಗಕ್ಕೆಂದೇ ಔಷಧವಿಲ್ಲ. ಬಹುಕಾಲ ಕೊಡುತ್ತಿದ್ದ ಲಸಿಕೆಯೂ ತಕ್ಕಷ್ಟು ರಕ್ಷಣೆ ನೀಡುವುದಿಲ್ಲವೆಂದು 2022ರಲ್ಲಿ ನಿಂತುಹೋಯಿತು. ಉಣುಗು ಕಚ್ಚದಂತೆ ನೋಡಿಕೊಳ್ಳುವುದೊಂದೇ ಸದ್ಯಕ್ಕೆ ನಮ್ಮ ಕೈಯಲ್ಲಿರುವುದು.

ಅದಕ್ಕೆ ಬೇಕಾದ್ದು ಎರಡು ಅಭ್ಯಾಸ: ಕಾಡಿಗೆ ಇಳಿಯುವ ಮೊದಲು ಕೈಕಾಲು, ಕುತ್ತಿಗೆಗೆ ಡೆಪಾ ತೈಲ ಸವರುವುದು, ಹಿಂತಿರುಗಿದ ಕೂಡಲೇ ಬಿಸಿನೀರು, ಸೋಪಿನಲ್ಲಿ ಮಿಂದು ಬಟ್ಟೆ ಒಗೆಯುವುದು. "ಎಷ್ಟು ಹೇಳಿದರೂ ಆಳುಗಳು ಕೇಳುವುದಿಲ್ಲ ಮಾರಾಯ್ರೆ" ಎಂಬ ದೂರು ನಮ್ಮ ಸಭೆಗಳಲ್ಲಿ ಸಾಮಾನ್ಯ. ನಾವು ಇದನ್ನು ಒಪ್ಪುವುದಿಲ್ಲ. ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವ ಹೆಂಗಸಿಗೆ ಎಣ್ಣೆ ಹಚ್ಚುವ ಹತ್ತು ನಿಮಿಷವೆಂದರೆ ಅಷ್ಟು ಕೂಲಿ ನಷ್ಟ. ಸಂಜೆ ಆಕೆ ಮನೆ ಸೇರಿ, ಒಲೆ ಹಚ್ಚಿ, ಮಕ್ಕಳಿಗೆ ಊಟವಿಟ್ಟ ಮೇಲೆ ನೀರು ಕಾಯಿಸಬೇಕು. ಅಷ್ಟು ಹೊತ್ತೂ ಉಣುಗು ಮೈಮೇಲೆಯೇ. ಇತ್ತ ನಮ್ಮ ಬಚ್ಚಲಿನಲ್ಲಿ ಅಡಿಕೆ ಸಿಪ್ಪೆಯ ಬೆಂಕಿಗೆ ಹಂಡೆ ದಿನವಿಡೀ ಕಾಯುತ್ತಿರುತ್ತದೆ!

ನಮ್ಮ ತೋಟದಲ್ಲಿ ಎಣ್ಣೆ ಹಚ್ಚುವ ಹೊತ್ತನ್ನು ಕೆಲಸದ ಹೊತ್ತಿಗೇ ಸೇರಿಸಿದ್ದೇವೆ. ಕೊಯ್ಲಿನವರಿಗೂ ಆ ಹೊತ್ತಿನ ಕೂಲಿಯುಂಟು. ಕಣದ ಬದಿಗೆ ಮರೆ ಕಟ್ಟಿ ಒಲೆಯ ಮೇಲೆ ಒಂದು ಹಂಡೆ ಇರಿಸಿ, ಕೆಲಸ ಬಿಡುವುದನ್ನು ಅರ್ಧ ಗಂಟೆ ಮುಂಚೆ ಮಾಡಿದ್ದೇವೆ. ಮೊದಮೊದಲು ಹೆಂಗಸರು ಸಂಕೋಚಪಟ್ಟರು. ಮರೆಗೆ ಬಾಗಿಲು ಇಟ್ಟ ಮೇಲೆ ಸರಿಹೋಯಿತು. ಎಣ್ಣೆ ಹಚ್ಚಿದ ಕೈಯಲ್ಲೇ ಎಲೆಅಡಿಕೆ ಹಾಕುವ ಚಟ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ, ಗಂಡಸರದ್ದು ವಿಶೇಷವಾಗಿ. ಕೈ ತೊಳೆಯಲು ನೀರು, ಸೋಪು ಅಲ್ಲಿಯೇ ಇಟ್ಟಿದ್ದೇವೆ. ಯಜಮಾನರೂ ಎಲ್ಲರ ಎದುರೇ ಎಣ್ಣೆ ಹಚ್ಚಿಕೊಳ್ಳುವುದು ಒಳ್ಳೆಯದು. ಉಣುಗು ಯಜಮಾನನ ಕಾಲನ್ನು ಬಿಡುವುದಿಲ್ಲವಷ್ಟೆ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. ಅಂಗಡಿಯ ಗುಳಿಗೆಯಲ್ಲಿ ದಿನ ಕಳೆಯಬಾರದು. ಜ್ವರ ಇಳಿದು ಒಂದೆರಡು ವಾರಕ್ಕೆ ಮರುಕಳಿಸುವುದೂ ಉಂಟು. ರೋಗಿಯಿಂದ ಇನ್ನೊಬ್ಬರಿಗೆ ಹರಡದಾದ್ದರಿಂದ ಆಳಿನ ಮನೆಯನ್ನು ದೂರವಿಡುವುದು ಅನ್ಯಾಯ. ಜ್ವರದ ದಿನಗಳ ಕೂಲಿ ಮುರಿದರೆ ಯಾರೂ ಜ್ವರವನ್ನು ಹೇಳಿಕೊಳ್ಳುವುದಿಲ್ಲ, ಇದನ್ನು ಸದಸ್ಯರು ಗಮನಿಸಬೇಕು.

ಬಾಳೆ, ಏಲಕ್ಕಿ ಹಾಳುಮಾಡುವ ಮಂಗ ಸತ್ತರೆ ನಮಗೆ ದುಃಖವಾಗುವುದಿಲ್ಲ, ನಿಜ. ಆದರೆ ಸತ್ತ ಮಂಗದ ಮೈಯಿಂದ ಉಣುಗುಗಳು ಸುತ್ತಲಿನ ನೆಲಕ್ಕೆ ಉದುರುತ್ತವೆ. ಹತ್ತಿರ ಹೋಗದೆ, ಯಾರನ್ನೂ ಹೋಗಗೊಡದೆ ಆರೋಗ್ಯ ಕೇಂದ್ರಕ್ಕೆ ಕೂಡಲೇ ಸುದ್ದಿ ಮುಟ್ಟಿಸಬೇಕು. ತೈಲವನ್ನು ಅಲ್ಲಿಯೇ ಕೇಳಿ ಪಡೆಯಬಹುದು. ಮನೆಯವರ ಲೆಕ್ಕವನ್ನಷ್ಟೇ ಕೊಡದೆ, ತೋಟದ ಆಳುಗಳನ್ನೂ ಸೇರಿಸಿ ಕೊಡಿರಿ.