ಚೌಕಳಿ ಹಾಳೆಯ ಮೇಲೆ ಸ್ಕಾರಾ ಬ್ರೇ

ಆಟಗಾರರು ತಲಾ ಒಂದೊಂದು ಪಾತ್ರವನ್ನು ವಹಿಸಿಕೊಂಡು, ಸೂತ್ರಧಾರನೊಬ್ಬನು ಮಾತಿನಲ್ಲಿ ಕಟ್ಟಿಕೊಡುವ ಲೋಕದಲ್ಲಿ ಸಂಚರಿಸುವ ರೋಲ್‌ಪ್ಲೇಯಿಂಗ್ ಆಟವು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ನಿಂದ ಒಂದು ಪ್ರಕಾರವಾಗಿ ನೆಲೆಗೊಂಡಿತು. ಯಾರು ಎಲ್ಲಿ ನಿಂತಿದ್ದಾರೆ, ಎಷ್ಟು ದೂರ ಓಡಬಲ್ಲರು, ಯಾವ ಬಾಗಿಲು ಅವರನ್ನು ತಡೆಯುತ್ತದೆ ಎಂಬುದನ್ನು ಇದರಲ್ಲಿ ಬಹುಮಟ್ಟಿಗೆ ತೀರ್ಮಾನಿಸುವುದು ಚೌಕಳಿ ಹಾಳೆಯ ಮೇಲೆ ಬರೆದ ನಕ್ಷೆ. ಕೇವಲ ಕಲ್ಪನೆಯಿಂದ ಬರೆದ ಊರಿನಲ್ಲಿ ಪೇಟೆಯೂ ಗುಡಿಯೂ ಬರೆದವನ ಅನುಕೂಲಕ್ಕೆ ತಕ್ಕಂತೆ ಬಂದು ಕೂರುತ್ತವೆ. ಜನ ನಿಜವಾಗಿ ಬಾಳಿದ ನೆಲೆಯಲ್ಲಾದರೋ ಗೋಡೆಗೋಡೆಗೂ ಒಂದು ಕಾರಣವಿರುತ್ತದೆ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್‌ನಿ ದ್ವೀಪಗಳ ಸ್ಕಾರಾ ಬ್ರೇ ಅಂಥ ನೆಲೆಗಳಲ್ಲೊಂದು. ಬೇಸಾಯ, ಪಶುಪಾಲನೆಗಳನ್ನು ಅರಿತಿದ್ದರೂ ಲೋಹವನ್ನು ಬಳಸದ ನವಶಿಲಾಯುಗದ ಜನ ಸುಮಾರು ಕ್ರಿ.ಪೂ. 3180ರಿಂದ 2500ರವರೆಗೆ ಇಲ್ಲಿ ವಾಸವಾಗಿದ್ದರು. 1850ರ ಬಿರುಗಾಳಿಯೊಂದು ಮರಳುದಿಬ್ಬದ ಹೊದಿಕೆಯನ್ನು ಕಿತ್ತೆಸೆದಾಗ ಇದರ ಗೋಡೆಗಳು ಹೊರಬಿದ್ದವು. 1928ರಿಂದ 1930ರವರೆಗೆ ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ ಇಲ್ಲಿ ಉತ್ಖನನ ನಡೆಸಿದರು.

ಈ ನೆಲೆಯ ವಿನ್ಯಾಸವೇ ಆಟಕ್ಕೆಂದು ಬರೆದಂತಿದೆ. ಮನೆಗಳನ್ನು ಹಳೆಯ ತಿಪ್ಪೆಯ ರಾಶಿಯೊಳಗೆ ಹುದುಗಿಸಿ ಕಟ್ಟಿದ್ದರಿಂದ ಗಾಳಿ, ಚಳಿಗಳಿಂದ ರಕ್ಷಣೆ ದೊರೆಯುತ್ತಿತ್ತು, ಮತ್ತು ಮನೆಯಿಂದ ಮನೆಗೆ ಹೋಗಲು ಬಗ್ಗಿ ನುಸುಳಬೇಕಾದ, ಮೇಲೆ ಕಲ್ಲುಚಪ್ಪಡಿ ಹೊದಿಸಿದ ಕಿರುದಾರಿಗಳಿದ್ದವು. ದ್ವೀಪದಲ್ಲಿ ಮರ ವಿರಳವಾದ ಕಾರಣ ಮಂಚ, ಅಟ್ಟಣಿಗೆಗಳನ್ನೂ ಕಲ್ಲಿನಲ್ಲೇ ಮಾಡಿದ್ದು, ನಕ್ಷೆ ಬರೆಯುವವನಿಗೆ ಕೋಣೆಯೊಳಗಿನ ಪೀಠೋಪಕರಣವನ್ನು ಊಹಿಸುವ ಕಷ್ಟವೇ ಉಳಿದಿಲ್ಲ. ಏಳನೆಯ ಸಂಖ್ಯೆಯ ಮನೆಯ ಬಾಗಿಲಿಗೆ ಅಗುಳಿ ಹಾಕುತ್ತಿದ್ದುದು ಹೊರಗಿನಿಂದ. ಅದರೊಳಗೆ, ಗೋಡೆಯ ಬುಡದಲ್ಲಿ, ಇಬ್ಬರು ಸ್ತ್ರೀಯರ ಅಸ್ಥಿಪಂಜರಗಳು ದೊರೆತಿವೆ. ಎಂಟನೆಯದು ಉಳಿದವುಗಳಿಂದ ಬೇರೆಯಾಗಿ ನಿಂತಿದ್ದು, ಮಂಚಗಳಿಲ್ಲದ ಅದರಲ್ಲಿ ಕಲ್ಲಿನ ಉಪಕರಣಗಳನ್ನು ಮಾಡುತ್ತಿದ್ದ ಕುರುಹುಗಳಿವೆ. ಇಂಥ ಎರಡು ಮನೆಗಳಿದ್ದ ಮೇಲೆ ಸೂತ್ರಧಾರನು ಹೊಸ ರಹಸ್ಯವನ್ನು ಹೊಸೆಯಬೇಕಾದ ಅಗತ್ಯ ಬೀಳುವುದು ಕಡಿಮೆ.

ಅಳತೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಈ ಆಟಗಳ ರೂಢಿಯಲ್ಲಿ ಒಂದು ಚೌಕವೆಂದರೆ ಐದು ಅಡಿ ಅಗಲ, ಐದು ಅಡಿ ಉದ್ದ. ಸರಾಸರಿ 40 ಚದರ ಮೀಟರಿನ ಇಲ್ಲಿನ ಮನೆಯೊಂದು ಹದಿನೇಳು ಚೌಕಗಳಷ್ಟಾಗುತ್ತದೆ, ನಡುವಿನ ಒಲೆ ಮತ್ತು ಇಕ್ಕೆಲದ ಮಂಚಗಳನ್ನು ಕಳೆದರೆ ನಾಲ್ಕೈದು ಪಾತ್ರಗಳು ಒತ್ತೊತ್ತಾಗಿ ನಿಲ್ಲುವಷ್ಟೇ ಜಾಗ. ಕತ್ತಿ ಬೀಸಲು ಇಲ್ಲಿ ಎಡೆಯಿಲ್ಲ (ಆ ಜನರ ಬಳಿ ಕತ್ತಿಯೂ ಇರಲಿಲ್ಲ). ಕಾದಾಟಕ್ಕೆ ಅನುಕೂಲವಾಗಲೆಂದು ಕೋಣೆಗಳನ್ನು ಹಿಗ್ಗಿಸಿದರೆ ಆ ಊರಿನ ಇಕ್ಕಟ್ಟೂ ಬೆಚ್ಚಗಿನ ಭಾವವೂ ಒಟ್ಟಿಗೇ ಹೋಗಿಬಿಡುತ್ತವೆ. 1985ರ ‘ದಿ ಬಾರ್ಡ್ಸ್ ಟೇಲ್’ ಎಂಬ ಕಂಪ್ಯೂಟರ್ ಆಟವು ತನ್ನ ನಗರಕ್ಕೆ ಸ್ಕಾರಾ ಬ್ರೇ ಎಂದು ಹೆಸರಿಟ್ಟಿತಾದರೂ ಬೀದಿಗಳು, ದೇವಾಲಯಗಳು, ಗೋಪುರಗಳಿಂದ ತುಂಬಿದ ಆ ನಗರಕ್ಕೂ ಈ ಪುಟ್ಟ ಹಳ್ಳಿಗೂ ಹೆಸರಿನ ಹೊರತು ನಂಟಿಲ್ಲ.

ಇಂದಿನ ಸಮೀಕ್ಷಾ ನಕ್ಷೆಯನ್ನು ಹಾಗೆಯೇ ನಕಲು ಮಾಡುವುದೂ ತಪ್ಪಾದೀತು. ಇಂದು ಕಡಲು ಮನೆಗಳ ಅಂಚಿಗೇ ಬಂದು ನಿಂತಿದೆ. ಜನವಸತಿಯಿದ್ದ ಕಾಲದಲ್ಲಿ ತೀರ ದೂರವಿತ್ತು, ಆದ್ದರಿಂದ ಆಟದ ನಕ್ಷೆಯಲ್ಲಿ ನೀರನ್ನು ಹಿಂದಕ್ಕೆ ಸರಿಸಬೇಕು. ಮಾಡುಗಳು ಉಳಿದಿಲ್ಲವಾದ್ದರಿಂದ ಅಲ್ಲಿ ತೇಲಿಬಂದ ಮರವನ್ನೋ ತಿಮಿಂಗಿಲದ ಎಲುಬನ್ನೋ ತೊಲೆಯಾಗಿ ಬರೆಯುವುದಕ್ಕೆ ಅವಕಾಶವಿದೆ. ಅಂಥ ಊಹೆಯನ್ನು ಬೇರೆ ಬಣ್ಣದ ಶಾಯಿಯಲ್ಲಿ ಗುರುತಿಸುವುದು ಒಳ್ಳೆಯ ಪದ್ಧತಿ. ಹಳ್ಳಿಯ ಒಂದು ಭಾಗ ಈಗಾಗಲೇ ಕಡಲಿನ ಪಾಲಾಗಿದೆ. ಹಾಳೆಯ ಆ ಅಂಚನ್ನು ಖಾಲಿ ಬಿಡುವುದೇ ಸರಿ.