ನಾಲೆ ಏರಿಯ ಮೇಲೆ ಸೈಕಲ್ ಸವಾರಿ

ಗೊರೂರಿನಿಂದ ತುಮಕೂರಿಗೆ ಸೈಕಲ್ ತುಳಿಯುವ ಆಸೆ ನಿಮಗಿದೆಯೇ? ಹಾಗಿದ್ದರೆ ನಕ್ಷೆಯಲ್ಲಿ ಮೊದಲು ಹುಡುಕಬೇಕಾದದ್ದು ರಸ್ತೆಯನ್ನಲ್ಲ, ನೀರನ್ನು. ಗೊರೂರಿನ ಹೇಮಾವತಿ ಜಲಾಶಯದಿಂದ ಹೊರಟ ಎಡದಂಡೆ ನಾಲೆಯ ನೀರು ಚನ್ನರಾಯಪಟ್ಟಣ ತಾಲ್ಲೂಕನ್ನು ಹಾದು ತುಮಕೂರು ಜಿಲ್ಲೆಗೆ ಹೋಗುತ್ತದೆ. ಈ ದಾರಿಯಲ್ಲಿ ಸವಾರನು ಇಳಿದು ದಣಿವಾರಿಸಿಕೊಳ್ಳಲೇಬೇಕಾದ ಊರು ಬಾಗೂರು.

ಜನ 'ಚಾನಲ್ ಏರಿ' ಎನ್ನುವ ಈ ದಾರಿ ಸೈಕಲ್ ಸವಾರರಿಗಾಗಿ ಆದದ್ದಲ್ಲ. ನೀರುಗಂಟಿಗಳೂ ನೀರಾವರಿ ಇಲಾಖೆಯ ಜೀಪುಗಳೂ ಓಡಾಡಲೆಂದು ಆದದ್ದು. ಕೆಲವೆಡೆ ಜಲ್ಲಿ, ಕೆಲವೆಡೆ ಬರೀ ಮಣ್ಣು, ಮಳೆ ಬಂದರೆ ಕೆಸರು. ಆದರೂ ಒಂದು ಸುಖವುಂಟು: ಏರಿಳಿತವಿಲ್ಲ. ನೀರು ತಾನಾಗಿ ಹರಿಯಬೇಕಾದರೆ ನಾಲೆಯು ಗುಡ್ಡದ ಮಗ್ಗುಲು ಬಳಸಿಕೊಂಡು, ಸಾವಿರಾರು ಅಡಿಗೆ ಒಂದಡಿಯಂತೆ ಇಳಿಯುತ್ತ ಸಾಗಬೇಕು. ಆ ಇಳಿಜಾರು ಕಣ್ಣಿಗೆ ಕಾಣದು, ಕಾಲಿಗೂ ತಿಳಿಯದು.

ಬಾಗೂರಿನ ಬಳಿ ಈ ಸುಖಕ್ಕೆ ತಡೆ. ಹೇಮಾವತಿ ಕಡೆಯ ನೆಲವನ್ನೂ ಶಿಂಷಾ ಕಡೆಯ ನೆಲವನ್ನೂ ಬೇರ್ಪಡಿಸುವ ದಿಣ್ಣೆ ಅಡ್ಡ ಬರುತ್ತದೆ. ನೀರು ಇಲ್ಲಿ ಸುರಂಗ ಹೊಕ್ಕು, ಸುಮಾರು 10 ಕಿ.ಮೀ. ನೆಲದೊಳಗೇ ಹರಿದು ನವಿಲೆಯ ಬಳಿ ಹೊರಬರುತ್ತದೆ. ಸವಾರನಿಗೆ ಆ ಭಾಗ್ಯವಿಲ್ಲ; ದಿಣ್ಣೆ ಹತ್ತಲೇಬೇಕು. ಹೆದರಬೇಡಿ. ಸೈಕಲ್ಲೂ ಸವಾರನೂ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. 30 ಮೀಟರ್ ಎತ್ತರ ಏರಲು ಬೇಕಾದ ಶಕ್ತಿ ಸುಮಾರು 23,500 ಜೂಲ್. ತಿಂದದ್ದರಲ್ಲಿ ಕಾಲುಭಾಗವಷ್ಟೇ ಸ್ನಾಯುಗಳ ಕೆಲಸಕ್ಕೆ ಒದಗುತ್ತದೆಂದು ಲೆಕ್ಕ ಹಾಕಿದರೂ 6 ಗ್ರಾಂ ಬೆಲ್ಲ ಸಾಕು!

ನಿಜವಾದ ಅಪಾಯ ದಿಣ್ಣೆಯಲ್ಲಿಲ್ಲ, ಏರಿಯ ಅಂಚಿನಲ್ಲಿದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಜೀವ ಕಳೆದುಕೊಂಡರು. ಬಸ್ಸನ್ನೇ ತಡೆಯದ ಅಂಚು ಸೈಕಲ್ಲನ್ನು ತಡೆದೀತೇ? ಕಾಂಕ್ರೀಟ್ ಹಾಕಿದ ನಾಲೆಯ ಬದಿ ಸಾಮಾನ್ಯವಾಗಿ ಒಂದೂವರೆ ಅಡಿ ದೂರಕ್ಕೆ ಒಂದಡಿ ಏರುತ್ತದೆ. ಅಂದರೆ ಸುಮಾರು 34 ಡಿಗ್ರಿ ಕೋನ. ಒಣಗಿದ್ದಾಗ ಮಕ್ಕಳೂ ಹತ್ತಿಯಾರು. ನೀರು ಹರಿದು ಪಾಚಿ ಕಟ್ಟಿತೆಂದರೆ ಅಂಗಾಲಿಗೆ ಬೇಕಾದ ಘರ್ಷಣೆ ಸಿಗುವುದಿಲ್ಲ. ಈಜು ಬಲ್ಲವರೂ ನಾಲೆಯಲ್ಲಿ ಸಾಯುವುದಕ್ಕೆ ಇದೂ ಒಂದು ಕಾರಣ.

ಫ್ರಾನ್ಸಿನಲ್ಲಿ 1681ರಲ್ಲಿ ಮುಗಿದ, ಸುಮಾರು 240 ಕಿ.ಮೀ. ಉದ್ದದ ಮಿದಿ ಕಾಲುವೆಯಿದೆ. ದೋಣಿ ಎಳೆಯುವ ಕುದುರೆಗಳು ನಡೆದ ಅದರ ದಂಡೆಯ ಮೇಲೆ ಇಂದು ಸೈಕಲ್ ಯಾತ್ರಿಕರು ಊರಿಂದೂರಿಗೆ ಹೋಗುತ್ತಾರೆ. ನಮ್ಮ ಏರಿಗೂ ಆ ಯೋಗ್ಯತೆಯಿದೆ. ಆದರೆ ಅದು ಬೇಕಾಗಿರುವುದು ದೂರದ ಯಾತ್ರಿಕರಿಗಿಂತ ಮೊದಲು ನಮ್ಮ ಮಕ್ಕಳಿಗೆ. 2006-07ರಲ್ಲಿ ಸರ್ಕಾರ ಶಾಲಾ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲಾರಂಭಿಸಿದ ಮೇಲೆ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ದೂರದ ಹೈಸ್ಕೂಲಿನ ಮೆಟ್ಟಿಲು ಹತ್ತಿದರು. ತೋಟದ ಮನೆಯ ಮಗುವಿಗೆ ಏರಿಯೇ ಹತ್ತಿರದ ದಾರಿ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ತಿರುವುಗಳಲ್ಲಿ ಗಟ್ಟಿ ತಡೆಗೋಡೆ, ಊರು ಬಂದಲ್ಲೆಲ್ಲ ನಾಲೆಗೆ ಇಳಿಯುವ ಮೆಟ್ಟಿಲು, ಮುಳುಗುವವರ ಕೈಗೆ ಸಿಗುವಂತೆ ಬದಿಯಲ್ಲಿ ಸರಪಳಿ, ಇಷ್ಟಾದರೆ ಸಾಕು. ಅಲ್ಲಿಯವರೆಗೆ ಏರಿಯ ಮೇಲೆ ಹೋಗುವವರು ಹಗಲಲ್ಲೇ ಹೋಗಿ. ನೀರಿನ ಅಂಚಿನಿಂದ ದೂರವಿರಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಇಳಿದು ನಿಲ್ಲಿ. ಹೇಮಾವತಿಯ ನೀರು ತುಮಕೂರು ತಲುಪುವಂತೆ ನೀವೂ ತಲುಪುತ್ತೀರಿ, ಸ್ವಲ್ಪ ತಡವಾದರೂ ಸರಿ.