ಜೀವಕೋಶಕ್ಕೂ ಬೇಕು ನೆರೆಹೊರೆ

ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ನಿರ್ನಾಮಗೊಳಿಸಿದ ಮದ್ದು ರೋಗಿಯ ಮೈಯಲ್ಲಿ ಏಕೆ ಸೋಲುತ್ತದೆ? ಬಹುಕಾಲ ವಿಜ್ಞಾನಿಗಳು ತಟ್ಟೆಯ ತಳದಲ್ಲಿ ತೆಳುವಾದ ಪದರವಾಗಿ ಹರಡಿದ ಕೋಶಗಳನ್ನು ನೋಡಿಯೇ ಈ ರೋಗವನ್ನು ಅಭ್ಯಸಿಸಿದರು. ದೇಹವಾದರೋ ಚಪ್ಪಟೆಯಲ್ಲ. ಅಲ್ಲಿ ಪ್ರತಿಯೊಂದು ಕೋಶಕ್ಕೂ ಮೇಲೆ, ಕೆಳಗೆ, ಅಕ್ಕಪಕ್ಕದಲ್ಲಿ ನೆರೆಯವರುಂಟು. ಆತುಕೊಳ್ಳಲು ಮೃದುವಾದ ಹಾಸುಂಟು.

ಈ ನೆರೆಹೊರೆಯ ಮಹತ್ವವನ್ನು ಹಠ ಹಿಡಿದು ಸಾರಿದವರಲ್ಲಿ ಅಗ್ರಗಣ್ಯರು ಮೀನಾ ಬಿಸೆಲ್. ಇರಾನಿನಲ್ಲಿ ಜನಿಸಿದ ಈಕೆ ಅಮೆರಿಕದ ಬರ್ಕಲಿಯ ಪ್ರಯೋಗಾಲಯದಲ್ಲಿ ಸ್ತನದ ಕೋಶಗಳನ್ನು ಲೋಳೆಯಂಥ ಪ್ರೋಟೀನಿನಲ್ಲಿ ಹುದುಗಿಸಿ ಬೆಳೆಸಿದರು. ಉದ್ದ ಅಗಲಗಳೊಡನೆ ದಪ್ಪವೂ ಉಳ್ಳ ಇದು ಮೂರು ಆಯಾಮದ ಕೋಶಕೃಷಿ. ಆರೋಗ್ಯವಾದ ಕೋಶಗಳು ಪುಟ್ಟ ಗುಂಡುಗಳಾಗಿ ಜೋಡಿಸಿಕೊಂಡು ಬೆಳವಣಿಗೆಯನ್ನು ನಿಲ್ಲಿಸಿದವು. ರೋಗದ ಕೋಶಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತಲೇ ಹೋದವು. ಚಪ್ಪಟೆ ತಟ್ಟೆಯಲ್ಲಿ ಈ ಭೇದ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

1997ರಲ್ಲಿ ಆಕೆಯ ತಂಡ ಇನ್ನೂ ಬೆರಗಿನ ಸಂಗತಿಯನ್ನು ಪ್ರಕಟಿಸಿತು. ಕೋಶವು ಸುತ್ತಲಿನ ಹಾಸನ್ನು ಹಿಡಿದುಕೊಳ್ಳುವ ಇಂಟೆಗ್ರಿನ್ ಎಂಬ ಕೊಂಡಿಯನ್ನು ಪ್ರತಿಕಾಯದಿಂದ ತಡೆದಾಗ, ಕ್ಯಾನ್ಸರ್ ಕೋಶಗಳೇ ಶಿಸ್ತಾಗಿ ಗುಂಡುಕಟ್ಟಿದವು! ವಂಶವಾಹಿಗಳ ದೋಷ ಹಾಗೆಯೇ ಇತ್ತು. ಬದಲಾದದ್ದು ನಡತೆ ಮಾತ್ರ. ಅವನ್ನು ಇಲಿಗಳಿಗೆ ಚುಚ್ಚಿದಾಗಲೂ ಗಡ್ಡೆಗಳು ಕಡಿಮೆಯಾದವು. ಸಹವಾಸದೋಷವೆಂಬ ಮಾತು ಕೋಶಗಳಿಗೂ ಸಲ್ಲುವುದೆಂದು ಯಾರು ಊಹಿಸಿದ್ದರು?

ಮದ್ದಿನ ವಿಚಾರದಲ್ಲಂತೂ ನೆರೆಹೊರೆ ಪ್ರಾಣದ ಪ್ರಶ್ನೆ. ತಟ್ಟೆಯಲ್ಲಿ ಹನಿಸಿದ ಔಷಧ ಎಲ್ಲ ಕೋಶಗಳನ್ನೂ ಒಂದೇ ಸಮನೆ ತೋಯಿಸುತ್ತದೆ. ಉಂಡೆಯಾಗಿ ಬೆಳೆದ ಗಡ್ಡೆಯಲ್ಲಿ ಹಾಗಲ್ಲ. ಹೊರಗಿನ ಕೋಶಗಳು ಹುಲುಸಾಗಿ ವಿಭಜನೆಗೊಳ್ಳುತ್ತವೆ. ಒಳಗಿನವು ಆಮ್ಲಜನಕ ಸಾಲದೆ ಮಂಕಾಗಿ ಕುಳಿತಿರುತ್ತವೆ. ಔಷಧ ಅಲ್ಲಿಯವರೆಗೆ ತಲಪುವುದೇ ಕಷ್ಟ. ತಲಪಿದರೂ, ವಿಭಜಿಸುವ ಕೋಶಗಳನ್ನೇ ಗುರಿಯಿಡುವ ಮದ್ದಿಗೆ ಸುಮ್ಮನಿರುವ ಕೋಶ ಸುಲಭವಾಗಿ ಸಿಕ್ಕುವುದಿಲ್ಲ.

2018ರಲ್ಲಿ ಲಂಡನ್ನಿನ ಸಂಶೋಧಕರು, ಜೀರ್ಣಾಂಗದ ಕ್ಯಾನ್ಸರು ದೇಹದಲ್ಲಿ ಹಬ್ಬಿದ್ದ ರೋಗಿಗಳ ಗಡ್ಡೆಯ ಚೂರುಗಳಿಂದ ಆರ್ಗನಾಯ್ಡ್ ಎಂಬ ಪುಟ್ಟ ಪ್ರತಿರೂಪಗಳನ್ನು ಬೆಳೆಸಿ, ರೋಗಿಗಳು ಪಡೆದ ಮದ್ದನ್ನೇ ಅವುಗಳ ಮೇಲೆ ಪರೀಕ್ಷಿಸಿದರು. 21 ಹೋಲಿಕೆಗಳಲ್ಲಿ 20 ತಾಳೆಯಾದವು. ಪ್ರತಿರೂಪ ಮಣಿಯದಿದ್ದ ಕಡೆಯೆಲ್ಲ ರೋಗಿಯ ಗಡ್ಡೆಯೂ ಮಣಿದಿರಲಿಲ್ಲ. ಸಂಖ್ಯೆ ಅಲ್ಪವೇ ಸರಿ. ಆದರೆ ಕೂದಲು ಉದುರಿಸಿಕೊಂಡು, ವಾಂತಿಯಿಂದ ಬಸವಳಿದು, ಕೊನೆಗೆ ಆ ಮದ್ದು ತನಗೆ ನಾಟಲೇ ಇಲ್ಲವೆಂದು ತಿಳಿಯುವ ರೋಗಿಯ ಪಾಲಿಗೆ ಈ ಮುನ್ಸೂಚನೆ ಅಲ್ಪವಲ್ಲ.

ತೊಡಕುಗಳೂ ಇವೆ. ಪ್ರತಿರೂಪ ಬೆಳೆಯಲು ವಾರಗಳೇ ಬೇಕು. ಅಷ್ಟು ಕಾಯುವ ವ್ಯವಧಾನ ಎಲ್ಲ ರೋಗಿಗಳಿಗೂ ಇರುವುದಿಲ್ಲ. ಕೆಲವರ ಗಡ್ಡೆ ಬೆಳೆಯುವುದೇ ಇಲ್ಲ. ಬೆಳೆದರೂ ಸಾಮಾನ್ಯವಾಗಿ ಅದರಲ್ಲಿ ರಕ್ತನಾಳಗಳಿಲ್ಲ, ರೋಗನಿರೋಧಕ ಕೋಶಗಳಿಲ್ಲ. ಈ ನೆರೆಯವರನ್ನೂ ಅದೇ ಲೋಳೆಯೊಳಗೆ ಕರೆತಂದು ಕೂಡಿಸುವ ಪ್ರಯತ್ನ ಈಗ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ.